ತಲಾ ಐದು ಚುಕ್ಕೆ

ಸ್ವಾನ್ಸೀ. ಗ್ರಂಥಾಲಯದ ಮೇಲಂತಸ್ತು, ಶನಿವಾರ.
ಕಿಟಕಿಯಾಚೆ ಕೊಲ್ಲಿ, ಇಳಿತದ ಹೊತ್ತು,
ಮೈಲಿಗಟ್ಟಲೆ ಒದ್ದೆ ಮರಳು.
ಇಪ್ಪತ್ತೊಂದು ಕುರ್ಚಿ, ಎಲ್ಲಕ್ಕೂ ಕಡುನೀಲಿ ಬಟ್ಟೆ.
ಕೂರುವ ಮುನ್ನ ನಾವೆಲ್ಲ ಅದನ್ನೇ ನೋಡಿದೆವು,
ಆಮೇಲೆ ಒಬ್ಬರ ಮುಖ ಒಬ್ಬರು,
ಆಮೇಲೆ ನಗು.
ಎದ್ದು ಹೋದಾಗ ಏನು ಉದುರಿರುತ್ತದೆಂದು
ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಮೇಜಿನ ತುಂಬ ಚೀಟಿ. ಸೋರಿಯಾಸಿಸ್ ಬಗ್ಗೆ
ನಲವತ್ತಾರು ಪ್ರಶ್ನೆ. ಹತ್ತು ಉಳಿಯಬೇಕು.
ಹಣ ಕೊಡುವವರು ಹತ್ತರಾಚೆ ಓದುವುದಿಲ್ಲವಂತೆ.
ಕಾರ್ಡಿಫ್‌ನಿಂದ ಬಂದ ಡಾಕ್ಟರಮ್ಮ ತಲಾ ಐದು ಚುಕ್ಕೆ ಹಂಚಿದರು,
ದುಂಡಗೆ, ಕೆಂಪಗೆ, ಹಿಂಬದಿಗೆ ಅಂಟು.
"ಮುಖ್ಯ ಅನಿಸಿದ್ದಕ್ಕೆ ಅಂಟಿಸಿ."
ಕೆಂಪೇ ಬೇಕಿತ್ತಾ, ಎಂದಳು ನೆರಿಸ್, ಮಡಿಲಲ್ಲಿ ಕೂಸು.
ಅಂಗಡಿಯಲ್ಲಿ ಅದೇ ಇದ್ದದ್ದು, ಎಂದರು ಆಕೆ,
ಕಿವಿಯವರೆಗೂ ಕೆಂಪಾಗಿ.

ಮೊದಲ ಚೀಟಿ ಯಾವುದೋ ಪ್ರೋಟೀನಿನದು.
ಇರಲಿ. ಅಂಥದ್ದೇ ಒಂದರಿಂದ ಹುಟ್ಟಿದ ಸೂಜಿ
ನನಗೆ ಎರಡು ಬೇಸಿಗೆ ಕೊಟ್ಟಿತ್ತು,
ತೋಳಿಲ್ಲದ ಅಂಗಿಯ ಬೇಸಿಗೆ.
ಮೂರನೆಯದಕ್ಕೆ ಕೈಕೊಟ್ಟಿತು.
ಯಾಕೆ ಕೈಕೊಟ್ಟಿತು? ಅದು ಚೀಟಿ ಹನ್ನೆರಡು.
ಮೊದಲ ಚುಕ್ಕೆ ಅಲ್ಲಿಗೆ.

ನೆರಿಸಳ ಐದೂ ಒಂದೇ ಚೀಟಿಗೆ:
ಕೂಸಿಗೂ ಬರುತ್ತದಾ?
ಹಾಗೆ ಹಾಕುವಂತಿಲ್ಲ, ಎಂದರು.
ಹಾಕಿಯಾಯಿತು, ಎಂದಳು.

ಎಮ್ಲಿನ್ ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು.
ಅವರ ಕೈ ಕಂಡವರು ಚಿಲ್ಲರೆಯನ್ನು ತಟ್ಟೆಗೆ ಬೀಳಿಸುತ್ತಿದ್ದರಂತೆ,
ಟಣ್ ಎನ್ನುವಷ್ಟು ಎತ್ತರದಿಂದ.
"ಇದು ಅಂಟುವುದಿಲ್ಲ ಅಂತ ಊರಿಗೆ ನಂಬಿಸುವ ಮದ್ದು ಯಾವುದು?
ಅದನ್ನು ಹುಡುಕಿ."
ಅದು ಸಂಶೋಧನೆಯ ವ್ಯಾಪ್ತಿಗೆ ಬರಲಿಕ್ಕಿಲ್ಲ, ಎಂದರು ಡಾಕ್ಟರಮ್ಮ,
ಎಂದರೂ ಬರೆದುಕೊಂಡರು.

ಗ್ಲೆನಿಸ್ ಪ್ರಾಸರ್, ಚರ್ಚಿನಲ್ಲಿ ಆರ್ಗನ್ ನುಡಿಸುವವರು,
ಊಟದ ತನಕ ತುಟಿ ಬಿಚ್ಚಿರಲಿಲ್ಲ.
ಸ್ಯಾಂಡ್‌ವಿಚ್ ಕೆಳಗಿಟ್ಟು ಹೇಳಿದರು:
ಬಟ್ಟೆ ಮುಚ್ಚುವ ಜಾಗದ ಬಗ್ಗೆ ಒಂದೂ ಚೀಟಿ ಇಲ್ಲವಲ್ಲ.
ಹದಿನೆಂಟು ವರ್ಷ, ಯಾವ ಡಾಕ್ಟರೂ ಕೇಳಲಿಲ್ಲ,
ನಾನೂ ಹೇಳಲಿಲ್ಲ.
ಬಾಯಿಗೊಯ್ದ ಚಹಾ ಅಲ್ಲಲ್ಲೇ ನಿಂತಿತು.
ನಲವತ್ತೇಳನೆಯದನ್ನು ಪೆನ್ಸಿಲಿನಲ್ಲಿ ಬರೆದರು.
ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಹದಿಮೂರು ಚುಕ್ಕೆ.

ನನ್ನದೂ ಒಂದಿತ್ತು.
ಶಾಲೆಯ ಅಡುಗೆಮನೆ ನನ್ನ ಕೆಲಸ, ದಿನವಿಡೀ ಕೈಗವಸು.
ಆಸ್ಪತ್ರೆಯವರು ರೋಗವನ್ನು ಅಂಗೈಯಲ್ಲಿ ಅಳೆಯುತ್ತಾರೆ,
ಒಂದು ಅಂಗೈ ಎಂದರೆ ಮೈಯ ನೂರರಲ್ಲೊಂದು.
ನನ್ನದು ನಾಲ್ಕು ಅಂಗೈ. ಸೌಮ್ಯ, ಎಂದು ಬರೆದಿದ್ದಾರೆ.
ಆ ನಾಲ್ಕರಲ್ಲಿ ಎರಡು
ಅಂಗೈಯೇ.

ಚೀಟಿಯಲ್ಲಿ ಬರೆದೆ: ಮೈಮರೆಯುವುದು ಹೇಗೆ?
ಹಾಡಿನಲ್ಲಿ, ಕುಡಿತದಲ್ಲಿ ಮರೆಯುವುದಲ್ಲ.
ಸುಮ್ಮನೆ, ಒಂದು ಮಂಗಳವಾರ,
ಬೆಳಗಿನಿಂದ ರಾತ್ರಿಯವರೆಗೆ
ನನಗೊಂದು ಚರ್ಮ ಇದೆಯೆಂಬುದೇ ನೆನಪಾಗದಂತೆ.
ಇದನ್ನು ಅಳೆಯುವುದು ಹೇಗೆ, ಎಂದು ಯಾರೋ ಕೇಳಿದರು.
ನಿಜವಾಗಿ ಕೇಳಿದರು. ಕೊಂಕಿರಲಿಲ್ಲ.

ಎಣಿಕೆ ಮುಗಿಯಿತು. ನನ್ನದು ಹನ್ನೊಂದನೆಯದು,
ಹತ್ತಕ್ಕಿಂತ ಒಂದೇ ಚುಕ್ಕೆ ಕಡಿಮೆ.
ಒಟ್ಟು ನೂರೈದಿರಬೇಕಿತ್ತು, ನೂರನಾಲ್ಕು ಸಿಕ್ಕವು.
ಮೇಜಿನ ಕೆಳಗೆ ಹುಡುಕಿದರು. ಬಿದ್ದದ್ದೆಲ್ಲ ಬಿಳಿಯದೇ.

ಮಂಬಲ್ಸ್ ಕಡೆಯ ಬಸ್ಸಿನಲ್ಲಿ ಎಮ್ಲಿನ್ ನನ್ನ ಮುಂದಿನ ಸೀಟು.
ತೋಳು ಮಡಚಿದ್ದರು. ಮೊಣಕೈಯ ಕೆಂಪಿನ ನಡುವೆ
ಅಂಚು ತೀರಾ ಸರಿಯಾದ ಒಂದು ಕೆಂಪು.
ತೋರಿಸಿದೆ.
ಉಗುರಿನಿಂದ ಎಬ್ಬಿಸಿದರು, ಜೊತೆಗೊಂದಿಷ್ಟು ಹೊಟ್ಟೂ ಎದ್ದಿತು.
ಯಾವ ಚೀಟಿಯದು ಇದು, ಎಂದೆ.
ನೆನಪಿಲ್ಲ ಮಾರಾಯ, ಎಂದು
ಬೆಳಕಿಗೆ ಹಿಡಿದು ನೋಡಿ,
ನನ್ನ ಅಂಗೈಯನ್ನು ತಾವೇ ಬಿಚ್ಚಿ
ಒಳಗಿಟ್ಟು ಒತ್ತಿದರು.